ಹೆಬ್ಬೆರಳಿಗೆ ಕಣ್ಣು ಬಂದ ಬಗೆ

ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್‌ನಲ್ಲಿ ಕಣ್ಣಿಗೆ ಬಿಡುವಿಲ್ಲ. ಪರದೆಯ ಮೇಲೆ ಶತ್ರು ನುಗ್ಗಿ ಬರುತ್ತಿರುತ್ತಾನೆ, ಚೆಂಡು ಬೀಳುತ್ತಿರುತ್ತದೆ. ಆ ಗಳಿಗೆಯಲ್ಲಿ ಬಟನ್ ಎಲ್ಲಿದೆಯೆಂದು ತಡಕಾಡಿದರೆ ಆಟ ಮುಗಿದಂತೆಯೇ. ನೋಡದೆ ಒತ್ತುವುದನ್ನು ಕೈ ಕಲಿಯಲೇಬೇಕು. ಈ ಯಂತ್ರಗಳ ಸುಮಾರು ಐವತ್ತು ವರ್ಷಗಳ ಚರಿತ್ರೆಯನ್ನು ಬಟನ್‌ಗಳ ಕಥೆಯಾಗಿ ಹೇಳಲು ಇದೇ ಕಾರಣ.

ಅಮೆರಿಕದ ಮ್ಯಾಟೆಲ್ ಕಂಪನಿ 1976ರಲ್ಲಿ ತಂದ 'ಆಟೋ ರೇಸ್'ನಲ್ಲಿ ಕಲಿಯಬೇಕಾದದ್ದು ಬಲು ಕಡಿಮೆ. ಕೆಂಪು ದೀಪದ ಚುಕ್ಕೆಗಳೇ ಕಾರುಗಳು. ಕೆಳಗಿನ ಸ್ವಿಚ್ಚನ್ನು ಅತ್ತಿತ್ತ ಸರಿಸಿದರೆ ಕಾರು ಪಕ್ಕಕ್ಕೆ ಹೋಗುತ್ತದೆ, ಗೇರ್ ಬದಲಿಸಿದರೆ ವೇಗ ಹೆಚ್ಚುತ್ತದೆ, ಅಷ್ಟೇ. 1979ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿಯ 'ಮೈಕ್ರೋವಿಷನ್' ಬಂದಾಗ ಒಂದೇ ಯಂತ್ರದಲ್ಲಿ ಕಾರ್ಟ್ರಿಡ್ಜ್ ಬದಲಿಸಿ ಹಲವು ಆಟ ಆಡುವ ಅನುಕೂಲ ಸಿಕ್ಕಿತು. ಅದರೊಂದಿಗೆ ತೊಡಕೂ ಬಂತು. ಬಟನ್‌ಗಳ ಏರ್ಪಾಟು ಆಟದಿಂದ ಆಟಕ್ಕೆ ಬೇರೆಯಾಗುತ್ತಿತ್ತು. ಒಂದು ಆಟದಲ್ಲಿ ಪಳಗಿದ ಬೆರಳು ಇನ್ನೊಂದಕ್ಕೆ ಹೊಸದಾಗಿ ಪಾಠ ಶುರು ಮಾಡಬೇಕು.

ಈ ಗಂಟನ್ನು ಬಿಡಿಸಿದವರು ಜಪಾನಿನ ಗುಂಪೇಯಿ ಯೊಕೊಯಿ. ಕ್ಯೋಟೊ ನಗರದ ನಿಂಟೆಂಡೊ ಅರವತ್ತರ ದಶಕದಲ್ಲಿ ಮುಖ್ಯವಾಗಿ ಇಸ್ಪೀಟೆಲೆ ತಯಾರಿಸುವ ಕಂಪನಿ. 1965ರಲ್ಲಿ ಅಲ್ಲಿಗೆ ಸೇರಿದ ಯೊಕೊಯಿಯವರ ಕೆಲಸ ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು. ಬುಲೆಟ್ ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಕಂಡಾಗ ಅವರಿಗೆ ಕಿಸೆಯಲ್ಲಿಡುವ ಆಟದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಅದರ ಫಲವೇ ನಿಂಟೆಂಡೊದ 'ಗೇಮ್ ಅಂಡ್ ವಾಚ್' ಸರಣಿ; 1980ರಲ್ಲಿ ಬಂದ ಅದರ ಮೊದಲ ಆಟದ ಹೆಸರು 'ಬಾಲ್'. ಎಡಗೈಗೊಂದು ಗುಂಡಿ, ಬಲಗೈಗೊಂದು ಗುಂಡಿ. ಮೇಲೆಸೆದ ಚೆಂಡುಗಳು ನೆಲಕ್ಕೆ ಬೀಳದಂತೆ ಹಿಡಿಯುತ್ತಿರಬೇಕು. ಯಾರೂ ಹೇಳಿಕೊಡಬೇಕಿರಲಿಲ್ಲ.

ಕಷ್ಟ ಎದುರಾದದ್ದು 1982ರಲ್ಲಿ, 'ಡಾಂಕಿ ಕಾಂಗ್' ಆಟವನ್ನು ಕಿಸೆಗೆ ಇಳಿಸುವಾಗ. ಅದರಲ್ಲಿ ನಾಯಕ ಓಡಬೇಕು, ಏಣಿ ಹತ್ತಬೇಕು, ಇಳಿಯಬೇಕು, ಉರುಳಿ ಬರುವ ಪೀಪಾಯಿಗಳ ಮೇಲೆ ಹಾರಬೇಕು. ಗೇಮ್ ಪಾರ್ಲರುಗಳಲ್ಲಿ ಓಡಲು, ಹತ್ತಲು, ಇಳಿಯಲು ಉದ್ದನೆಯ ಜಾಯ್‌ಸ್ಟಿಕ್ ಇತ್ತು. ಪುಸ್ತಕದಂತೆ ಮಡಚುವ ಎರಡು ಪರದೆಯ ಪುಟ್ಟ ಯಂತ್ರದಲ್ಲಿ ಅಂಥ ಕಡ್ಡಿ ಹೊರಚಾಚಿಕೊಂಡರೆ ಮುಚ್ಚಳವೇ ಮುಚ್ಚುವುದಿಲ್ಲ. ಯೊಕೊಯಿ ನಾಲ್ಕು ದಿಕ್ಕುಗಳನ್ನೂ ಕೂಡುಗುರುತಿನ ಆಕಾರದ ಒಂದೇ ಬಟನ್ನಿಗೆ ತಂದರು. ಅದರ ನಡುಭಾಗ ಕೆಳಗೆ ಆಧಾರದ ಮೇಲೆ ನಿಂತಿರುವುದರಿಂದ ಒಂದು ತುದಿ ಒತ್ತಿದರೆ ಎದುರಿನ ತುದಿ ತಾನಾಗಿ ಮೇಲೇಳುತ್ತದೆ. ಎಡ ಬಲ ಎರಡನ್ನೂ ಒಟ್ಟಿಗೆ ಒತ್ತುವ ತಪ್ಪಿಗೆ ಅವಕಾಶವೇ ಕಡಿಮೆ. ಹೆಬ್ಬೆರಳು ನಡುವೆ ಕುಳಿತಿದ್ದು, ಅಲ್ಲಿಂದ ಏಳದೆ ತುಸು ವಾಲಿದರೆ ಸಾಕು, ದಿಕ್ಕು ಬದಲಾಗುತ್ತದೆ. ಬೆರಳಿಗೆ ಮನೆಯೊಂದು ಸಿಕ್ಕಿತು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಮರುವರ್ಷವೇ ಟಿವಿಗೆ ಜೋಡಿಸುವ ಫ್ಯಾಮಿಕಾಮ್ ಯಂತ್ರಕ್ಕೂ ಅದೇ ಬಟನ್ ಬಂತು.

ನಿಂಟೆಂಡೊದ 1989ರ 'ಗೇಮ್ ಬಾಯ್' ಆ ಪಾಠವನ್ನು ಜಗತ್ತಿಗೆಲ್ಲ ಹಂಚಿತು. ಎಡಕ್ಕೆ ದಿಕ್ಕಿನ ಬಟನ್, ಬಲಕ್ಕೆ ಎ ಮತ್ತು ಬಿ, ಕೈತಪ್ಪಿ ತಗುಲದಂತೆ ಕೆಳಗಡೆ ಸಣ್ಣ ಸ್ಟಾರ್ಟ್, ಸೆಲೆಕ್ಟ್. ಎ, ಬಿ ಎರಡನ್ನೂ ಓರೆಯಾಗಿ ಕೂರಿಸಿದ್ದರು, ಬಲ ಹೆಬ್ಬೆರಳು ಸಹಜವಾಗಿ ಹಾಗೇ ಮಲಗುತ್ತದೆಂದು. ಮಾರಿಯೋ ಆಡುವವರು ಹೆಬ್ಬೆರಳ ತುದಿಯಲ್ಲಿ ಬಿ ಹಿಡಿದು ಓಡುತ್ತ, ಅದೇ ಬೆರಳಿನ ಹೊಟ್ಟೆಯಿಂದ ಎ ಒತ್ತಿ ಹಾರುವುದನ್ನು ತಾವೇ ಕಂಡುಕೊಂಡರು. ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್‌ನಲ್ಲಿ ಒಂದು ಬಟನ್ ತುಂಡನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಿಸುತ್ತಿತ್ತು. ಬಟನ್ ಕಡಿಮೆ ಇದ್ದದ್ದು ಗೇಮ್ ಬಾಯ್‌ನ ಕೊರತೆಯಲ್ಲ, ಅದೇ ಅದರ ಬಲ.

ಕರ್ನಾಟಕದ ಬಹುಪಾಲು ಮಕ್ಕಳ ಕೈಗೆ ಗೇಮ್ ಬಾಯ್ ಬರಲಿಲ್ಲ, ಬಂದದ್ದು ಪೆನ್ಸಿಲ್ ಸೆಲ್ ಹಾಕುವ ಅಗ್ಗದ 'ಬ್ರಿಕ್ ಗೇಮ್'. ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲೂ ಅದು ಸಿಗುತ್ತಿತ್ತು. ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿಗಳು, ಬಲಕ್ಕೆ ಇಟ್ಟಿಗೆ ತಿರುಗಿಸುವ ದೊಡ್ಡ ಗುಂಡಿ. ಇಂಗ್ಲಿಷ್ ಓದಲು ಬಾರದ ಮಗುವೂ ಒತ್ತಿ ಒತ್ತಿಯೇ ಕಲಿಯಿತು. ಆಮೇಲೆ ನೋಕಿಯಾ ಫೋನಿನ ಹಾವಿನ ಆಟ. ಅಂಕಿಗಳ ಬಟನ್ನುಗಳೇ ಅಲ್ಲಿ ದಿಕ್ಕುಗಳು: 2 ಒತ್ತಿದರೆ ಮೇಲೆ, 8 ಕೆಳಗೆ, 4 ಎಡಕ್ಕೆ, 6 ಬಲಕ್ಕೆ. ಅನೇಕರ ಹೆಬ್ಬೆರಳಿಗೆ ಅದು ಇಂದಿಗೂ ನೆನಪಿದ್ದೀತು.

2001ರ ಗೇಮ್ ಬಾಯ್ ಅಡ್ವಾನ್ಸ್ ತೋರುಬೆರಳುಗಳಿಗೂ ಕೆಲಸ ಕೊಟ್ಟಿತು. ನೆತ್ತಿಯ ಎರಡು ಮೂಲೆಗಳಲ್ಲಿ ಎಲ್ ಮತ್ತು ಆರ್ ಬಂದವು. 2004ರ ನಿಂಟೆಂಡೊ ಡಿಎಸ್‌ನಲ್ಲಿ ಮುಟ್ಟುವ ಪರದೆ, ಬರೆಯುವ ಕಡ್ಡಿ, ಮೈಕ್ ಎಲ್ಲ ಇದ್ದವು. ಅದರ 2007ರ ಜೆಲ್ಡಾ ಆಟವೊಂದರಲ್ಲಿ ಮೇಲಿನ ಪರದೆಯ ಗುರುತನ್ನು ಕೆಳಗಿನ ನಕಾಶೆಗೆ ಒತ್ತಬೇಕಾಗುತ್ತದೆ. ಯಾವ ಬಟನ್ನಿನಿಂದಲೂ ಅದಾಗದು. ಯಂತ್ರವನ್ನೇ ಮಡಚಿ ಮತ್ತೆ ತೆರೆಯಬೇಕು! ಆಡುವವರು ತಲೆ ಕೆರೆದುಕೊಂಡ ಸೊಗಸಾದ ಒಗಟು ಅದು.

2004ರಲ್ಲೇ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪಿಎಸ್‌ಪಿ ಕಲಿಯುವವರನ್ನು ಬೇರೆ ರೀತಿ ಪರೀಕ್ಷಿಸಿತು. ಜಪಾನಿನಲ್ಲಿ ವೃತ್ತವೆಂದರೆ ಸರಿ, ಅಡ್ಡಗುರುತೆಂದರೆ ತಪ್ಪು. ಆಗ ಅಲ್ಲಿನ ಆಟಗಳಲ್ಲಿ ವೃತ್ತದ ಬಟನ್ ಒತ್ತಿದರೆ ಒಪ್ಪಿಗೆ, ಪಶ್ಚಿಮದ ಆಟಗಳಲ್ಲಿ ಅಡ್ಡಗುರುತಿನ ಬಟನ್ ಒತ್ತಿದರೆ ಒಪ್ಪಿಗೆ. ಅಲ್ಲದೆ ಅದರಲ್ಲಿದ್ದದ್ದು ಒಂದೇ ಒಂದು ಅನಲಾಗ್ ಸ್ಟಿಕ್, ಅಂದರೆ ಯಾವ ದಿಕ್ಕಿಗಾದರೂ ಸರಿಸಬಹುದಾದ ಗುಬಟು. 'ಮಾನ್‌ಸ್ಟರ್ ಹಂಟರ್' ಆಡುವವರು ಎಡ ಹೆಬ್ಬೆರಳಿನಲ್ಲಿ ಬೇಟೆಗಾರನನ್ನು ಓಡಿಸುತ್ತ, ತೋರುಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮೇಲಿನ ದಿಕ್ಕಿನ ಬಟನ್ನಿನಿಂದ ಕ್ಯಾಮೆರಾ ತಿರುಗಿಸುವ ಹಿಡಿತ ರೂಢಿಸಿಕೊಂಡರು. ಗಂಟೆಗಟ್ಟಲೆ ಹಾಗೆ ಹಿಡಿದರೆ ಬೆರಳು ನೋಯದಿರದು. 2011ರ ಕೊನೆಗೆ ಬಂದ ಸೋನಿಯ ಪಿಎಸ್ ವೀಟಾದಲ್ಲಿ ಎರಡು ಸ್ಟಿಕ್‌ಗಳಿದ್ದವು.

ಮೊಬೈಲಿನ ಗಾಜಿನ ಮೇಲೆ ನೋಡದೆ ಒತ್ತುವ ಈ ವಿದ್ಯೆ ಅರ್ಧ ಕಳೆದುಹೋಯಿತು ಎನ್ನಲೇಬೇಕು. ಅಲ್ಲಿ ಬಟನ್ನಿನ ಚಿತ್ರವಿದೆ, ಅಂಚಿಲ್ಲ. ಬೆರಳು ಜಾರಿದ್ದು ಬೆರಳಿಗೇ ತಿಳಿಯುವುದಿಲ್ಲ. ಆದರೆ ಕೈಯಲ್ಲಿ ಹಿಡಿಯುವ 2017ರ ನಿಂಟೆಂಡೊ ಸ್ವಿಚ್, 2022ರ ಸ್ಟೀಮ್ ಡೆಕ್ ಎರಡರಲ್ಲೂ ನಿಜವಾದ ಬಟನ್ನುಗಳಿವೆ.

ಎಡಚರ ಪಾಡು ಈ ಕಥೆಯಲ್ಲಿ ತಡವಾಗಿ ಬರುತ್ತದೆ. 1989ರ ಅಟಾರಿ ಲಿಂಕ್ಸ್‌ನಲ್ಲಿ ಯಂತ್ರವನ್ನು ತಲೆಕೆಳಗು ಹಿಡಿದು, ಚಿತ್ರವನ್ನೂ ತಿರುಗಿಸಿಕೊಂಡು, ಎಡಗೈಗೆ ಒಗ್ಗುವಂತೆ ಆಡಬಹುದಿತ್ತು. ಬೇರೆ ಯಂತ್ರಗಳಲ್ಲಿ ಎಡಚರು ಹೆಚ್ಚಾಗಿ ಬಲಗೈಯವರ ಕ್ರಮವನ್ನೇ ಕಲಿತರು. 2020ರ ಏಪ್ರಿಲ್‌ನಲ್ಲಿ ಸ್ವಿಚ್‌ಗೆ ಬಂದ ಸಾಫ್ಟ್‌ವೇರ್ ಯಾವ ಬಟನ್ ಯಾವ ಕೆಲಸ ಮಾಡಬೇಕೆಂದು ಆಡುವವರೇ ನಿರ್ಧರಿಸಲು ಬಿಟ್ಟಿತು. ಸ್ಟೀಮ್ ಡೆಕ್‌ನಲ್ಲಿ ಬೆನ್ನಿಗೂ ನಾಲ್ಕು ಬಟನ್‌ಗಳಿವೆ. ಪ್ರತಿ ಆಟಕ್ಕೂ ಬೇರೆಯೇ ಏರ್ಪಾಟು ಮಾಡಿ ಉಳಿಸಿಡಬಹುದು, ಇತರರಿಗೂ ಹಂಚಬಹುದು. ಬೆರಳಿನಲ್ಲಿ ಬಲ ಕಡಿಮೆಯಾದವರು ಒತ್ತಲು ಕಷ್ಟವಾದ ಬಟನ್ನಿನ ಕೆಲಸವನ್ನು ಈಗ ಬೇರೆ ಬೆರಳಿಗೆ ಒಪ್ಪಿಸುತ್ತಾರೆ.