ಮಡಚಿಡುವ ಕ್ರೇನು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ತಿಂಗಳ ಸಭೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿಕಳುಹಿಸಿದಾಗ ವಿಷಯ ಯಾವುದೆಂದು ಕೇಳಲಿಲ್ಲ. ಬ್ಯಾಂಕಿನ ಗುಮಾಸ್ತರಲ್ಲವೆ, ಉಳಿತಾಯದ ಮೇಲೆಯೋ ಬಡ್ಡಿಯ ಮೇಲೆಯೋ ನಾಲ್ಕು ಮಾತು ಆಡಿಯಾರು ಎಂದು ನಂಬಿದ್ದರೆಂದು ತೋರುತ್ತದೆ. ಕ್ರೇನಿನ ವಿಷಯ ಎಂದಾಗ ಅವರ ಮುಖ ಕೊಂಚ ಸಪ್ಪಗಾದುದು ನಿಜ. ನಾವು ಓದಿದುದು ಬಿ.ಕಾಂ.; ಯಂತ್ರವಿದ್ಯೆಯ ಗಂಧ ನಮಗಿಲ್ಲ. ಆದರೂ ಒಂದು ಕ್ರೇನು ಹುಟ್ಟಿ ಬೆಳೆದುದನ್ನು ಹತ್ತಿರದಿಂದ ನೋಡಿದ್ದೇವೆ. ಅದು ಒಮ್ಮೆ ಮುರಿದು ಕೂರುವುದಕ್ಕೆ ಕಾರಣರೂ ಆಗಿದ್ದೇವೆ. ಈ ಎರಡನೆಯದನ್ನು ನಾಲ್ಕು ಜನರೆದುರು ಹೇಳಿಕೊಳ್ಳೋಣವೆಂದೇ ಇಲ್ಲಿ ನಿಂತಿರುವುದು.

ಈ ಕಥೆ ನಡೆದುದು ಗಂಗಾಪುರದಲ್ಲಿ. ಊರಿಗೆ ಹೋದಾಗ ಹೀಗೆಂದರೆ ಹಿರಿಯರು ಕೈ ಮುಗಿದು, ‘ದತ್ತಾತ್ರೇಯನ ದರ್ಶನವಾಯಿತೆ?’ ಎಂದು ಕೇಳುತ್ತಾರೆ. ಅದು ಕಲಬುರಗಿ ಜಿಲ್ಲೆಯ ಗಾಣಗಾಪುರ. ನಾಸಿಕದವರಿಗೆ ಗಂಗಾಪುರವೆಂದರೆ ಗೋದಾವರಿಗೆ ಕಟ್ಟಿದ ಮಣ್ಣಿನ ಅಣೆಕಟ್ಟು. ನಾವು ಹೇಳುವುದು ಮೂರನೆಯದು, ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು. ನಾಸಿಕದ ಗಂಗಾಪುರದಲ್ಲಿ ಬಿಟ್ಟ ನೀರು ಜಾಯಕವಾಡಿಗೆ ಹೋಗುವಾಗ ಈ ಗಂಗಾಪುರದ ಅಂಚನ್ನು ಹಾದೇ ಹೋಗುತ್ತದೆ. ಈ ತಾಲ್ಲೂಕಿನಲ್ಲಿಯೇ ವಾಳೂಜ ಇದೆ. 1985ರಲ್ಲಿ ಅಲ್ಲಿ ಬಜಾಜ್ ಕಾರ್ಖಾನೆ ತೆರೆದ ಮೇಲೆ ಸುತ್ತಲೂ ಶೆಡ್ಡುಗಳು ಎದ್ದುವು. ಬೀದರ, ಕಲಬುರಗಿ, ವಿಜಯಪುರಗಳ ಕಡೆಯಿಂದ ನಮ್ಮವರೂ ಹೊಟ್ಟೆಪಾಡಿಗೆ ಬಂದರು. 1956ರ ನವೆಂಬರ್ 1ರವರೆಗೆ ಬೀದರವೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುವು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಎರಡೂ ಬೇರೆಯಾದುವು. ಅಜ್ಜಂದಿರಿಗೆ ಈ ಊರು ಪರಸ್ಥಳವಾಗಿರಲಿಲ್ಲ, ನಮಗೆ ಆಯಿತು.

ಹಾಗೆ ಬಂದವರಲ್ಲಿ ಒಬ್ಬರನ್ನು ನಾವು ಕಾಕಾ ಎಂದು ಕರೆಯುತ್ತೇವೆ. ಹೆಸರು ಹೇಳಬಾರದೆಂದು ಅವರ ಅಪ್ಪಣೆಯಾಗಿದೆ. ಬೀದರದ ಕಡೆಯವರು, ಇಪ್ಪತ್ತು ವರ್ಷ ಫಿಟ್ಟರಾಗಿ ದುಡಿದು, ಕೊನೆಗೆ ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಬಾಡಿಗೆ ಶೆಡ್ಡೊಂದರಲ್ಲಿ ಮೋಟಾರು, ಗೇರ್‌ಬಾಕ್ಸುಗಳ ದುರಸ್ತಿ ಕೆಲಸ ಇಟ್ಟರು. ನಾಲ್ಕು ಜನ ಕೆಲಸಗಾರರು. ಭಾರ ಎತ್ತಲು ಮೂರು ಕಾಲಿನ ಕಬ್ಬಿಣದ ಕುದುರೆ, ಅದಕ್ಕೆ ತೂಗುಬಿಟ್ಟ ಚೈನ್ ಪುಲ್ಲಿ. ಕುದುರೆಯ ಕಾಲುಗಳು ಅಗಲಿಸಿ ನಿಂತರೆ ಶೆಡ್ಡಿನ ನಡುಭಾಗವೇ ಹೋಯಿತು. ಆದುದರಿಂದ ಕೆಲಸವಿಲ್ಲದಾಗ ಅದನ್ನು ಬಿಚ್ಚಿ ಹಿಂದಿನ ಗೋಡೆಗೆ ಒರಗಿಸುತ್ತಿದ್ದರು. ಒರಗಿಸಿದುದರ ಮುಂದೆ ಹಳೆಯ ಸಾಮಾನು ಬೀಳುತ್ತಿತ್ತು, ಅದರ ಮುಂದೆ ಇನ್ನಷ್ಟು. ಒಂದು ದಿನ ಅವಸರದ ಕೆಲಸ ಬಂತು. ಕುದುರೆಯನ್ನು ಹೊರಕ್ಕೆ ತೆಗೆಯಬೇಕಾದರೆ ಅರ್ಧ ಗಂಟೆ ಬೇಕು. ‘ಇಷ್ಟಕ್ಕೆ ಅದ್ಯಾಕ?’ ಎಂದು ಮೂವರು ಸೇರಿ ಮೋಟಾರನ್ನು ಕೈಯಲ್ಲಿಯೇ ಎತ್ತಿದರು. ಇಳಿಸುವಾಗ ಹುಡುಗನೊಬ್ಬನ ಎಡಗೈಯ ಎರಡು ಬೆರಳು ಅಡಿಗೆ ಸಿಕ್ಕಿ ಜಜ್ಜಿಹೋದುವು. ಒಂದರ ತುದಿಯನ್ನು ತೆಗೆಯಬೇಕಾಯಿತು.

ನಾವು ಆಸ್ಪತ್ರೆಗೆ ಹೋದಾಗ ಕಾಕಾ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ‘ತಮ್ಮಾ, ಎತ್ತೋ ಸಾಮಾನ ಇರಲಿಲ್ಲ ಅಂತಲ್ಲ. ಇತ್ತು, ಕೈಗೆ ಸಿಗಲಿಲ್ಲ’ ಎಂದರು. ಅಷ್ಟೆ.

ಈ ಮಾತು ನಮ್ಮ ಲೆಕ್ಕದ ತಲೆಗೆ ಬೇರೆ ರೀತಿಯಲ್ಲಿ ಹೊಕ್ಕಿತು. 600 ಚದರ ಅಡಿಗೆ ತಿಂಗಳಿಗೆ 12,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಒಂದು ಚದರ ಅಡಿಗೆ 20 ರೂಪಾಯಿ. ಗಾಲಿಯ ಮೇಲಿನ ಸಣ್ಣ ಕ್ರೇನೊಂದು ಐದು ಅಡಿ ಉದ್ದ, ಮೂರೂವರೆ ಅಡಿ ಅಗಲ ಜಾಗ ಹಿಡಿದರೆ ಅದರ ಪಾಲಿನ ಬಾಡಿಗೆ ತಿಂಗಳಿಗೆ 350 ರೂಪಾಯಿ, ವರ್ಷಕ್ಕೆ 4,200. ದಿನಕ್ಕೆ ಅರ್ಧ ಗಂಟೆ ದುಡಿಯುವ ಯಂತ್ರ ಇಪ್ಪತ್ತನಾಲ್ಕು ಗಂಟೆಯ ಬಾಡಿಗೆ ತಿನ್ನುತ್ತದೆ. ಕಾಲುಗಳನ್ನು ಮೇಲಕ್ಕೆ ಮಡಚಿ ಎರಡು ಅಡಿಗೆ ಮೂರೂವರೆ ಅಡಿಯಲ್ಲಿ ನಿಲ್ಲಿಸಿದರೆ ಬಾಡಿಗೆ 140ಕ್ಕೆ ಇಳಿಯಿತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾ ನಕ್ಕರು. ಅವರಿಗೆ ಬೇಕಾದುದು ಬಾಡಿಗೆಯ ಉಳಿತಾಯವಲ್ಲ. ಸಾಮಾನಿನ ಹಿಂದೆ ಹೂತುಹೋಗದೆ, ಬಾಗಿಲ ಪಕ್ಕದಲ್ಲಿ ನಿಂತು, ಕರೆದೊಡನೆ ಬರುವ ಕ್ರೇನು.

ಮಡಚುವ ಕ್ರೇನು ಹೊಸ ಸಂಗತಿಯೇನೂ ಅಲ್ಲ. ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ. ಲಾರಿಯ ಮುಂಭಾಗಕ್ಕೂ ಸರಕು ತುಂಬುವ ಜಾಗಕ್ಕೂ ನಡುವೆ ಮುದುರಿಕೊಂಡು ಕುಳಿತಿರುವ ಕ್ರೇನನ್ನು ನೀವೂ ನೋಡಿರುವಿರಿ. ಸ್ವೀಡನ್ ದೇಶದ ಹುಡಿಕ್ಸ್‌ವಾಲ್ ಎಂಬ ಊರಿನಲ್ಲಿ ಎರಿಕ್ ಸುಂದಿನ್ ಎಂಬವನು 1944ರಲ್ಲಿ ಅಂಥ ಕ್ರೇನಿಗಾಗಿ ಕಂಪೆನಿ ಹೂಡಿದನು. ಅವನು ಮೊದಲು ಮಾಡುತ್ತಿದ್ದುದು ಹಿಮದ ಮೇಲೆ ಜಾರುವ ಹಲಗೆಗಳನ್ನು! ಲಾರಿಯ ಇಂಜಿನ್ನಿನ ಬಲದಿಂದಲೇ ಲಾರಿಗೆ ಭಾರ ಹೇರಬಹುದಲ್ಲಾ ಎಂದು ಅವನಿಗೆ ಹೊಳೆಯಿತು. ಜರ್ಮನಿಯಲ್ಲಿ ಹಾನ್ಸ್ ಲೀಬ್‌ಹೆರ್ 1949ರಲ್ಲಿ, ಯುದ್ಧದಲ್ಲಿ ಬಿದ್ದ ಮನೆಗಳನ್ನು ಮತ್ತೆ ಕಟ್ಟುವ ಕಾಲಕ್ಕೆ, ಸುಲಭವಾಗಿ ಸಾಗಿಸಿ ನಿಲ್ಲಿಸಬಹುದಾದ ಗೋಪುರದ ಕ್ರೇನು ಮಾಡಿದನು. ನಮ್ಮ ಹಳ್ಳಿಯ ಏತ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು. ಹೊಲದಲ್ಲಿ ಜಾಗಕ್ಕೆ ಬರವಿರಲಿಲ್ಲ. ಇನ್ನು ಇಲ್ಲಿಗೆ ಸಮೀಪದ ವೇರೂಳದ ಕೈಲಾಸದ ವಿಷಯ ಹೇಳದೆ ಬಿಡಲಾಗದು. ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಆ ಗುಡಿಯನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಯುತ್ತ ಬಂದರು. ಶಿಖರಕ್ಕೆ ಕಲ್ಲು ಎತ್ತುವ ಪ್ರಮೇಯವೇ ಬರಲಿಲ್ಲ. ಕ್ರೇನಿನ ತೊಂದರೆಗೆ ಅದಕ್ಕಿಂತ ಜಾಣ ಉತ್ತರ ನಮಗೆ ಕಂಡಿಲ್ಲ. ಆದರೆ ಗೇರ್‌ಬಾಕ್ಸಿಗೆ ಆ ಉಪಾಯ ಒಗ್ಗದು.

ಕಾಕಾ ಅವರದು ತಮ್ಮ ಶೆಡ್ಡಿಗೆ ತಕ್ಕದ್ದನ್ನು ತಾವೇ ಮಾಡಬೇಕು, ಚೆನ್ನಾಗಿ ಬಂದರೆ ಪಕ್ಕದ ಶೆಡ್ಡುಗಳಿಗೂ ಮಾಡಿ ಮಾರಬೇಕು ಎಂಬ ಹಟ. ಅದರ ರಚನೆಯನ್ನು ನಮಗೆ ತಿಳಿದಷ್ಟು ಹೇಳುತ್ತೇವೆ. ಹಿಂದೆ ಒಂದು ಅಡಿಪಾಯದ ಚೌಕಟ್ಟು, ಅದರ ಮೇಲೆ ನೆಟ್ಟಗೆ ಒಂದು ಕಂಬ. ಕಂಬದ ತುದಿಯಿಂದ ಮುಂದಕ್ಕೆ ಚಾಚಿದ ತೋಳಿಗೆ ‘ಬೂಮು’ ಎನ್ನುತ್ತಾರೆ. ಅದರ ತುದಿಗೆ ಕೊಕ್ಕೆ. ತೋಳನ್ನು ಕೆಳಗಿನಿಂದ ಒತ್ತಿ ಎತ್ತಲು ಎಣ್ಣೆಯ ಜಾಕು. ಚೌಕಟ್ಟಿನಿಂದ ನೆಲದ ಮೇಲೆ ಮುಂದಕ್ಕೆ ಎರಡು ಉದ್ದ ಕಾಲುಗಳು, ತುದಿಯಲ್ಲಿ ಗಾಲಿಗಳು. ಕೊಕ್ಕೆ ಈ ಮುಂದಿನ ಗಾಲಿಗಳಿಗಿಂತ ಮುಂದೆ ಹೋಗಬಾರದು. ಹೋದರೆ ಕ್ರೇನೇ ಮುಗ್ಗರಿಸುತ್ತದೆ. ಜಾಕು ತೋಳಿನ ಕೀಲಿನಿಂದ 25 ಸೆಂಟಿಮೀಟರು ದೂರದಲ್ಲಿ ಒತ್ತುತ್ತದೆ, ಕೊಕ್ಕೆ 100 ಸೆಂಟಿಮೀಟರು ದೂರದಲ್ಲಿದೆ ಎನ್ನಿ. ಆಗ ಅರ್ಧ ಟನ್ನು ಎತ್ತಲು ಜಾಕು ಸುಮಾರು ಎರಡು ಟನ್ನಿನಷ್ಟು ಒತ್ತಬೇಕು. ಸಣ್ಣ ಕ್ರೇನಿಗೆ ಇಷ್ಟು ದೊಡ್ಡ ಜಾಕೇಕೆ, ಖರ್ಚು ದಂಡವಲ್ಲವೆ ಎಂದು ಮೊದಲು ನಾವು ಕೇಳಿದ್ದುಂಟು.

ಮಡಿಕೆಯಿರುವುದು ಕಾಲುಗಳ ಬುಡದಲ್ಲಿ. ಅಲ್ಲಿ ಚೌಕಟ್ಟಿಗೆ ಬೆಸೆದ ಎರಡೆರಡು ಪಟ್ಟಿಗಳಿರುತ್ತವೆ. ನಡುವೆ ಕಾಲು ಕೂರುತ್ತದೆ. ಒಂದು ಬೋಲ್ಟಿನ ಮೇಲೆ ಕಾಲು ತಿರುಗಿ ಮೇಲಕ್ಕೆ ಮಡಚುತ್ತದೆ. ಇಳಿಸಿದ ಮೇಲೆ ಮತ್ತೆ ಏಳದಂತೆ ಎರಡನೆಯ ತೂತಿಗೆ ಪಿನ್ನು ಹಾಕಬೇಕು. ಇಲ್ಲಿಯೇ ಇದರ ಮರ್ಮವಿರುವುದು. ಮನೆಯಲ್ಲಿ ಅಜ್ಜಂದಿರ ಮಡಚುವ ಆರಾಮ ಕುರ್ಚಿಯನ್ನು ನೆನೆಯಿರಿ. ಕೂತವರ ಭಾರ ಕುರ್ಚಿಯನ್ನು ಮಡಚುವ ಕಡೆಗೇ ಎಳೆಯುತ್ತದೆ. ಹಿಂದಿನ ಸಣ್ಣ ಅಡ್ಡಪಟ್ಟಿ ತನ್ನ ಕಚ್ಚಿನಲ್ಲಿ ಕೂತಿರುವುದರಿಂದ ಅಜ್ಜಂದಿರು ಮೇಲಿರುತ್ತಾರೆ, ಇಲ್ಲದಿದ್ದರೆ ನೆಲದ ಮೇಲೆ! ಈ ಕ್ರೇನೂ ಹಾಗೆಯೇ. ಭಾರ ಎತ್ತಿದಾಗ ನೆಲವು ಮುಂದಿನ ಗಾಲಿಯನ್ನು ಮೇಲಕ್ಕೆ ತಳ್ಳುತ್ತದೆ. ಕಾಲು ಮಡಚುವುದೂ ಮೇಲಕ್ಕೇ. ಅಂದರೆ ಎತ್ತುವ ಪ್ರತಿಯೊಂದು ಭಾರವೂ ಕ್ರೇನನ್ನು ಮಡಚಲು ಹವಣಿಸುತ್ತದೆ. ಬೇಡವೆನ್ನುವುದು ಆ ಪಿನ್ನು ಮಾತ್ರ.

ಕಾಕಾ ಮೊದಲು ಹಾಕಿದ ನಕ್ಷೆಯಲ್ಲಿ ಬೋಲ್ಟಿಗೂ ಪಿನ್ನಿಗೂ ನಡುವೆ 20 ಸೆಂಟಿಮೀಟರು ಅಂತರವಿತ್ತು. ನಾವು ಭಾನುವಾರ ಕುಳಿತು ಖರ್ಚಿನ ಪಟ್ಟಿ ನೋಡಿದೆವು. ಮುದ್ರಾ ಸಾಲದ ಅರ್ಜಿಗೆ ಅಂದಾಜು ಕೊಡಬೇಕಾಗಿತ್ತು. ‘ಕಾಕಾ, ಈ ಪಟ್ಟಿಗಳು ಇಷ್ಟು ಉದ್ದ ಯಾಕ? ಅರ್ಧಕ್ಕೆ ಇಳಿಸಿದರ ಒಂದು ಕ್ರೇನಿಗೆ ಮುನ್ನೂರು ರೂಪಾಯಿ ಉಳಿತದ, ಮಡಚಿದಾಗ ಜಾಗಾನೂ ಕಡಿಮಿ’ ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದರು. ಮೊದಲಿನಿಂದಲೂ ಅವರಿಗೆ ಓದಿದವರ ಮೇಲೆ ಗೌರವ ಜಾಸ್ತಿ. ‘ನೀ ಲೆಕ್ಕ ಬಲ್ಲಾಂವ. ಮಾಡೋಣು’ ಎಂದರು. ಅಂತರ 10 ಸೆಂಟಿಮೀಟರಿಗೆ ಇಳಿಯಿತು. ತೆಳ್ಳಗಿನ ಪಿನ್ನೇ ಸಾಕೆಂದೂ ತೀರ್ಮಾನವಾಯಿತು.

ಮಾಡಬೇಕಾಗಿದ್ದ ಲೆಕ್ಕ ಇದು. 500 ಕಿಲೋ ಭಾರ ಕಾಲಿನ ಬುಡದಿಂದ ಒಂದು ಮೀಟರು ಮುಂದೆ ತೂಗುತ್ತದೆ. ಕಾಲಿನ ಉದ್ದ ಒಂದೂಕಾಲು ಮೀಟರು. ಎರಡೂ ಕಾಲುಗಳ ಮುಂದಿನ ಗಾಲಿಗಳ ಮೇಲೆ 400 ಕಿಲೋ, ಒಂದೊಂದಕ್ಕೆ 200. ಒಂದೂಕಾಲು ಮೀಟರು ದೂರದಿಂದ 200 ಕಿಲೋ ಮೇಲಕ್ಕೆ ಒತ್ತುವುದನ್ನು ಬೋಲ್ಟೂ ಪಿನ್ನೂ ಸೇರಿ ತಡೆಯಬೇಕು. ಅವುಗಳ ಅಂತರ 20 ಸೆಂಟಿಮೀಟರಾದರೆ ಪಿನ್ನಿನ ಮೇಲೆ 1,250 ಕಿಲೋ ಬೀಳುತ್ತದೆ. ಅಂತರ 10 ಆದರೆ 2,500 ಕಿಲೋ. ಅರ್ಧ ಟನ್ನು ಎತ್ತುವ ಕ್ರೇನಿನಲ್ಲಿ ಬೆರಳಿಗಿಂತ ತೆಳ್ಳಗಿನ ಪಿನ್ನು ಎರಡೂವರೆ ಟನ್ನು ಹೊರಬೇಕು! ನಾವು ಮುನ್ನೂರು ರೂಪಾಯಿ ಉಳಿಸಿ ಪಿನ್ನಿನ ಹೊರೆಯನ್ನು ಎರಡರಷ್ಟು ಮಾಡಿದೆವು. ಚಕ್ರಬಡ್ಡಿಯನ್ನು ಬಾಯಿಪಾಠ ಹೇಳುವವರಿಗೆ ಇಷ್ಟು ಹೊಳೆಯಬಾರದಾಗಿತ್ತೆ?

ಪಕ್ಕದ ಶೆಡ್ಡಿನವರೊಬ್ಬರು ಮೊದಲ ಕ್ರೇನನ್ನು ಅಂದೇ ಸಂಜೆ ಒಯ್ಯುತ್ತೇವೆಂದು ಹಣ ಹಿಡಿದು ನಿಂತಿದ್ದರು. ನಾವೂ ‘ಕೊಟ್ಟುಬಿಡಿ’ ಎಂದೆವು. ಕಾಕಾ ಮಾತ್ರ ಈ ಸಲ ನಮ್ಮ ಮಾತು ಕೇಳಲಿಲ್ಲ. ಸಿಮೆಂಟಿನ ಚೀಲ ತರಿಸಿದರು. ಒಂದೊಂದೂ 50 ಕಿಲೋ, ತೂಕದ ತಕರಾರಿಲ್ಲ. ಮರದ ಹಲಗೆಯ ಮೇಲೆ ಚೀಲ ಪೇರಿಸಿ ಸರಪಳಿಯಿಂದ ಕೊಕ್ಕೆಗೆ ತೂಗುಹಾಕಿದರು. ನೆಲದಿಂದ ನಾಲ್ಕು ಬೆರಳಿಗಿಂತ ಮೇಲೆ ಎತ್ತಕೂಡದು, ಯಾರೂ ಹತ್ತಿರ ನಿಲ್ಲಕೂಡದು ಎಂದು ಗದರಿದರು. ಆರು ಚೀಲ, ಎಂಟು ಚೀಲ, ಏನೂ ಆಗಲಿಲ್ಲ. ಹತ್ತು ಚೀಲ ಹೇರಿ ಎತ್ತಿ ನಿಂತು ನೋಡುತ್ತಿದ್ದೆವು. ಒಂದು ನಿಮಿಷವಾಗಿರಬಹುದು, ಬಲಗಾಲಿನ ಬುಡ ಕಿರ್ರೆಂದಿತು. ನೋಡುನೋಡುತ್ತಿದ್ದಂತೆ ಪಿನ್ನು ಬಿಲ್ಲಿನಂತೆ ಬಾಗಿ, ಕ್ರೇನು ಬಲಕ್ಕೆ ವಾಲಿ, ಹಲಗೆ ನೆಲಕ್ಕೆ ಕೂತಿತು. ನಾಲ್ಕೇ ಬೆರಳಿನ ಬೀಳುವಿಕೆ. ಒಂದು ಚೀಲವೂ ಒಡೆಯಲಿಲ್ಲ. ಪಟ್ಟಿಯ ದುಂಡು ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಆ ಹುಡುಗ, ಬೆರಳು ಕಳೆದುಕೊಂಡವನು, ಆಗಷ್ಟೆ ಕೆಲಸಕ್ಕೆ ಮರಳಿದ್ದನು. ಅವನು ಗೋಡೆಗೆ ಒತ್ತಿಕೊಂಡು ನಿಂತು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದುದು ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಕಾಕಾ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

1948ರ ಕಾರ್ಖಾನೆಗಳ ಕಾಯಿದೆಯ 29ನೆಯ ಕಲಮನ್ನು ನಾವು ಓದಿದುದು ಅನಂತರ. ಭಾರ ಎತ್ತುವ ಯಂತ್ರ ಗಟ್ಟಿ ಸಾಮಾನಿನಿಂದ ದೋಷವಿಲ್ಲದೆ ಮಾಡಿದ್ದಾಗಿರಬೇಕು, ಹನ್ನೆರಡು ತಿಂಗಳಿಗೊಮ್ಮೆಯಾದರೂ ಬಲ್ಲವರು ಪರೀಕ್ಷಿಸಬೇಕು, ಎಷ್ಟು ಭಾರ ಹೊರಬಹುದೆಂದು ಯಂತ್ರದ ಮೇಲೆಯೇ ಸ್ಪಷ್ಟವಾಗಿ ಬರೆದಿರಬೇಕು ಎಂದು ಅದರಲ್ಲಿ ವಿಧಿಸಿತ್ತು. ನಾಲ್ಕು ಜನರ ಶೆಡ್ಡು ಆ ಕಾಯಿದೆಯ ಲೆಕ್ಕಕ್ಕೆ ಬರುತ್ತಿರಲಿಲ್ಲವೆನ್ನಿ. ಪಿನ್ನಿಗೆ ಮಾತ್ರ ಆ ಭೇದ ತಿಳಿಯದು.

ಪಟ್ಟಿಗಳು ಮತ್ತೆ ಉದ್ದವಾದುವು; ಪಿನ್ನು 16 ಮಿಲಿಮೀಟರಿನದಾಯಿತು. ಹದಿಮೂರು ಚೀಲ, ಎಂದರೆ 650 ಕಿಲೋ ಹೇರಿ, ಒಂದು ಗಂಟೆ ಬಿಟ್ಟು ಬಿಚ್ಚಿ ನೋಡಿದರು. ತೂತು ದುಂಡಗೇ ಇತ್ತು. ಕ್ರೇನಿನ ಮೇಲೆ ಬರೆದುದು 500 ಮಾತ್ರ. ಗಾಲಿ, ಹಿಡಿಕೆ ಮೊದಲಾದುವುಗಳ ಸಣ್ಣಪುಟ್ಟ ತಿದ್ದುಪಾಡುಗಳನ್ನು ಇಲ್ಲಿ ವಿವರಿಸುವುದಿಲ್ಲ.

ಆದರೆ ಒಂದು ತಿದ್ದುಪಾಡು ನಮ್ಮದು. ಅದನ್ನು ಹೇಳಿಕೊಳ್ಳಲು ಅಪ್ಪಣೆಯಾಗಬೇಕು. ಮಡಚುವಾಗ ತೆಗೆದ ಪಿನ್ನು ಎಲ್ಲಿಯೋ ಉರುಳಿಹೋಗುತ್ತದೆ. ಮತ್ತೆ ಬಿಡಿಸುವಾಗ ಸಿಗದೆ, ಕೈಗೆ ಸಿಕ್ಕ ಮೊಳೆಯನ್ನು ತೂರಿಸಿಬಿಡುತ್ತಾರೆ. ಇದಕ್ಕೇನು ಮಾಡುವುದೆಂದು ಕಾಕಾ ತಲೆ ಕೆರೆದುಕೊಳ್ಳುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಪೆನ್ನಿಗೆ ದಾರ ಕಟ್ಟಿರುವುದನ್ನು ನೀವೆಲ್ಲ ನೋಡಿ ನಕ್ಕಿದ್ದೀರಿ. ‘ಕಾಕಾ, ಪಿನ್ನಿಗೆ ಸರಪಳಿ ಹಾಕಿ ಚೌಕಟ್ಟಿಗೇ ಬೆಸೆದುಬಿಡ್ರಿ’ ಎಂದೆವು. ‘ಇದು ಮಾತ್ರ ಖರೆ ಲೆಕ್ಕ ನೋಡು’ ಎಂದರು ಅವರು.

ಈಗ ಕ್ರೇನು ಬಾಗಿಲ ಎಡಮಗ್ಗುಲಲ್ಲಿ ಕಾಲು ಮೇಲೆತ್ತಿಕೊಂಡು ನಿಂತಿರುತ್ತದೆ. ಜಾಕು ಒತ್ತುವ ಕೆಲಸ ಆ ಹುಡುಗನದು. ಕಾಲಿನ ಮೇಲೆ ಅವನೇ ಹಳದಿ ಬಣ್ಣದಲ್ಲಿ ಮರಾಠಿಯಲ್ಲಿ ‘ಪಿನ್ ಘಾತಲೀ ಕಾ?’ ಎಂದು ಬರೆದಿದ್ದಾನೆ. ಅದರ ಕೆಳಗೆ ಕಾಕಾ ತಮಗಾಗಿ ಕನ್ನಡದಲ್ಲಿ ಬರೆಸಿಕೊಂಡಿದ್ದಾರೆ: ‘ಪಿನ್ ಹಾಕೀಯೇನೋ?’