ಉರಿಯನ್ನು ತಾಳುವ ಪಿಂಗಾಣಿ



ನಮ್ಮ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆಯಿತು. ಅದರ ಇಂಧನ ಲೋಹವಲ್ಲ, ಪಿಂಗಾಣಿ ಜಾತಿಯದು: ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಒತ್ತಿ ಸುಟ್ಟ ಪುಟ್ಟ ಗುಳಿಗೆಗಳು. ಯುರೇನಿಯಂ ಲೋಹ 1,132 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ವಿಕಿರಣಕ್ಕೆ ಊದಿಕೊಳ್ಳುತ್ತದೆ. ಈ ಗುಳಿಗೆ ಕರಗಲು ಸುಮಾರು 2,850 ಡಿಗ್ರಿ ಬೇಕು.

ಪರಮಾಣು ಒಡೆದಾಗ ಹಾರುವ ಚೂರುಗಳು ಸುತ್ತಲಿನ ಸಾವಿರಾರು ಪರಮಾಣುಗಳನ್ನು ಜಾಗದಿಂದ ಎಬ್ಬಿಸುತ್ತವೆ. ಎದ್ದವುಗಳಲ್ಲಿ ಹೆಚ್ಚಿನವು ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಸಾಲಿನಲ್ಲಿ ಕೂರುತ್ತವೆ. (ನನ್ನ ತರಗತಿಯಲ್ಲಿ ಹೀಗಾಗುವುದಿಲ್ಲ ಬಿಡಿ!) ಆದ್ದರಿಂದಲೇ ಹರಳಿನ ರಚನೆ ಕೆಡುವುದಿಲ್ಲ.

ಆದರೂ ನಡು ಕುದಿದು ಅಂಚು ತಂಪಾಗಿರುವುದರಿಂದ ಗುಳಿಗೆ ಬಿರುಕು ಬಿಡುತ್ತದೆ. ಒಳಗೆ ಹುಟ್ಟಿದ ಕ್ಸೆನಾನ್ ಅನಿಲ ಹೊರಬರುತ್ತದೆ. ಅದನ್ನು ಹಿಡಿದಿಡುವುದು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆ. 2011ರಲ್ಲಿ ಫುಕುಶಿಮಾದಲ್ಲಿ ತಂಪಿನ ನೀರು ನಿಂತಾಗ ಆ ಕೊಳವೆಯೂ ಉಳಿಯಲಿಲ್ಲ, ಗುಳಿಗೆಯೂ ಉಳಿಯಲಿಲ್ಲ.