ಮಣ್ಣಿನ ದಿನದಾಚೆಗೂ ಅವ್ವಂದಿರು



ಇವತ್ತಿನ ಈ ಉಪನ್ಯಾಸ ಮಕ್ಕಳು ತಾಯಿಯ ನೆನಪಿಗೆ ಇಟ್ಟ ದತ್ತಿಯದು. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿಗಳ ಪಟ್ಟಿ ತೆಗೆದು ನೋಡಿದರೆ ಇಂಥ ತಾಯಂದಿರ ಹೆಸರು ಎಷ್ಟೋ ಸಿಗುತ್ತವೆ. ಉಪನ್ಯಾಸ ಮಾತ್ರ ವಚನದ ಮೇಲೋ ದಾಸರ ಮೇಲೋ ನಡೆಯುತ್ತದೆ. ತಾಯಿಯ ಬಗ್ಗೆ ಸ್ವಾಗತ ಭಾಷಣದಲ್ಲಿ ಎರಡು ಮಾತು ಬಂದರೆ ಹೆಚ್ಚು. ಅದಕ್ಕೇ ಇವತ್ತು ನಾನು ಆ ತಾಯಂದಿರನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ನಮ್ಮ ಸೀಮೆ ಹೆಂಗಸರ ಹೆಸರು ಉಳಿಸಿಕೊಳ್ಳದ ಸೀಮೆಯೇನಲ್ಲ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿಗೆ ಜನ ಇಂದೂ ಕೈಮುಗಿದು ಬರುತ್ತಾರೆ. ಬೆಳವಡಿ ಮಲ್ಲಮ್ಮನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. 1939ರ ಏಪ್ರಿಲ್‌ನಲ್ಲಿ ನಮ್ಮೂರು ರಾಮದುರ್ಗದ ಪ್ರಜೆಗಳು ಸಂಸ್ಥಾನದ ವಿರುದ್ಧ ಎದ್ದು ನಿಂತರಲ್ಲ, ಆಗ ಸೆರೆಮನೆ ಕಂಡ ಗಂಡಸರ ಹೆಸರುಗಳನ್ನೂ ಬರೆದಿಟ್ಟಿದ್ದಾರೆ. ಅವರು ಒಳಗಿದ್ದಾಗ ಹೊರಗೆ ಒಲೆ ಆರದಂತೆ ನೋಡಿಕೊಂಡವರು ಯಾರು? ಆ ಹೆಸರುಗಳನ್ನು ನಾವು ಕೇಳಲೇ ಇಲ್ಲ.

ರಾಮದುರ್ಗ ನೇಕಾರರ ಊರು. ಕುಣಿಮಗ್ಗದಲ್ಲಿ ಕೂತವನು ಗಂಡಸಾದರೆ ಅವನ ಲಾಳಿಗೆ ಕಂಡಿಕೆ ಸುತ್ತಿಕೊಟ್ಟವಳು ಹೆಂಗಸು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಲಡಿ ಬಿಚ್ಚಿ ರಾಟಿಯ ಮುಂದೆ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೇ ಏಳುವುದು. ಕೂಲಿ ಸೀರೆಗೆ ಇಷ್ಟು ಎಂದು ಕೊಡುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಬಹಳ ಮಟ್ಟಿಗೆ ಇರುತ್ತಿದ್ದದ್ದು ಗಂಡನ ಹೆಸರು. ಕಂಡಿಕೆ ಸುತ್ತಿದ್ದಕ್ಕೆ ಬೇರೆ ಕೂಲಿ ಇಲ್ಲ, ಬೇರೆ ಹೆಸರೂ ಇಲ್ಲ.

ಇಂಥವಳ ಬಾಳನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು ಒಂದೇ ದಿನ, ಅವಳ ಮಣ್ಣಿನ ದಿನ, ಅಂದರೆ ಅಂತ್ಯಕ್ರಿಯೆಯ ದಿನ. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಟ್ಟು, ಉಡಿ ತುಂಬುತ್ತಾರೆ. ಲಿಂಗಾಯತರ ಮನೆಯಲ್ಲಿ ವಿಭೂತಿ ಹಚ್ಚಿ ಕೂಡಿಸುತ್ತಾರೆ, ಭಜನೆಯವರು ಬರುತ್ತಾರೆ, ವಿಮಾನ ಕಟ್ಟುತ್ತಾರೆ. ಅಷ್ಟರಲ್ಲಿ ದೂರದ ಊರಿನಿಂದ ಮಗಳು ಬಂದು ಇಳಿಯುತ್ತಾಳೆ. ಓಣಿಯ ತುದಿಯಿಂದಲೇ ಹಾಡ್ಯಾಡಿಕೊಂಡು ಅಳುತ್ತ ಬರುತ್ತಾಳೆ. ಒಳಗೆ ಕೂತವರೂ ದನಿಗೂಡಿಸುತ್ತಾರೆ.

ಆ ಅಳುವಿಗೆ ಕಿವಿಗೊಟ್ಟು ನೋಡಿ. ತವರಿನಿಂದ ಏನು ತಂದಳು, ಅತ್ತೆಮನೆಯಲ್ಲಿ ಏನುಂಡಳು, ಬರಗಾಲದಲ್ಲಿ ಯಾವ ದಾಗೀನ ಅಡವಿಟ್ಟಳು, ಮಗನ ಫೀಗೆ ಯಾರ ಮನೆಯ ಬಾಗಿಲಲ್ಲಿ ನಿಂತಳು, ಸತ್ತ ಕೂಸುಗಳೆಷ್ಟು, ಉಳಿದವೆಷ್ಟು, ಎಲ್ಲವೂ ಅದರಲ್ಲಿ ಬರುತ್ತವೆ. ನೆರೆಮನೆಯವಳು ತನಗೆ ಅವಳು ಮಾಡಿದ ಬಾಣಂತನ ನೆನೆಯುತ್ತಾಳೆ. ಬದುಕಿದ್ದಾಗ ಮನೆಯ ಗಂಡಸರ ಎದುರು ಆಡಲಾಗದ ಮಾತು ಕೂಡ ಆ ಹೊತ್ತಿನಲ್ಲಿ ಹೊರಬೀಳುತ್ತದೆ, ಯಾರೂ ತಡೆಯುವುದಿಲ್ಲ. ನಾನು ಇದನ್ನು ಚರಿತ್ರೆ ಎಂದೇ ಕರೆಯುತ್ತೇನೆ. ಕಂಡವರೇ ಹೇಳಿದ, ಕೇಳುವವರ ನಡುವೆಯೇ ಹೇಳಿದ, ಸುಳ್ಳಾಡಿದರೆ ಅಲ್ಲೇ ಸಿಕ್ಕಿಬೀಳುವ ಚರಿತ್ರೆ.

ಸಂಜೆಗೆ ಮಣ್ಣು ಮುಗಿಯುತ್ತದೆ. ಅದರೊಂದಿಗೆ ಈ ಚರಿತ್ರೆಯೂ ಮುಗಿಯುತ್ತದೆ.

ಆಮೇಲೆ ಉಳಿಯುವುದು ಕಾಗದ. 1969ರ ಕಾಯ್ದೆಯಂತೆ 21 ದಿನದೊಳಗೆ ಮರಣ ನೋಂದಾಯಿಸಬೇಕು. ಆ ನಮೂನೆ ಅವಳ ವಯಸ್ಸು ಕೇಳುತ್ತದೆ, ತಂದೆ ಅಥವಾ ಗಂಡನ ಹೆಸರು ಕೇಳುತ್ತದೆ, ಗರ್ಭಿಣಿಯಾಗಿದ್ದಾಗ ಇಲ್ಲವೇ ಹೆರಿಗೆಯಲ್ಲಿ ಸತ್ತಳೇ ಎಂದೂ ಕೇಳುತ್ತದೆ. ಉದ್ಯೋಗದ ಜಾಗದಲ್ಲಿ ನಾವೇ 'ಮನೆಗೆಲಸ' ಎಂದು ಬರೆಸಿ ಬರುತ್ತೇವೆ. ಬಾಳಿಡೀ ರಾಟಿ ತಿರುಗಿಸಿದವಳೂ ಮನೆಗೆಲಸದವಳೇ, ಕಂಡವರ ಹೊಲದಲ್ಲಿ ಕಳೆ ತೆಗೆದವಳೂ ಮನೆಗೆಲಸದವಳೇ. ಸರಕಾರವನ್ನು ದೂರುವ ಮೊದಲು ಈ ತಪ್ಪನ್ನು ನಾವು ತಿದ್ದಬಹುದು.

ಮನೆಯಲ್ಲಿ ಉಳಿದ ಕುರುಹುಗಳಿಗೂ ಭರವಸೆಯಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಮಗ್ಗಗಳು ನೀರಲ್ಲಿ ನಿಂತವು, ನೂಲು ಕೆಸರಾಯಿತು. ಟ್ರಂಕಿನಲ್ಲಿಟ್ಟ ಫೋಟೋ, ಕಾಗದಪತ್ರಗಳ ಗತಿ ಏನಾಯಿತೆಂದು ನೆರೆ ಕಂಡವರಿಗೆ ಹೇಳಬೇಕಾಗಿಲ್ಲ. ಎಷ್ಟೋ ಅವ್ವಂದಿರದು ಇದ್ದದ್ದೇ ಒಂದು ಫೋಟೋ, ಅದೂ ಮಗನ ಮದುವೆಯದು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಯಲ್ಲಿ ಹಿರಿಯ ಹೆಣ್ಣುಜೀವ ಇದ್ದರೆ ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ಕೇಳಿ: ತವರಿನಲ್ಲಿ ಕರೆಯುತ್ತಿದ್ದ ಹೆಸರೇನು, ಅವಳ ಅವ್ವ ಯಾರು, ಮೊದಲು ದುಡಿದದ್ದು ಯಾವ ಕೆಲಸ, ಮರೆಯಲಾರದ ದುಃಖ ಯಾವುದು. ಮೊಬೈಲಿನಲ್ಲಿ ಅವಳ ದನಿ ಹಿಡಿದಿಡಿ, ಒಂದು ಪುಟ ಬರೆದಿಡಿ. ಮಣ್ಣಿನ ಮನೆಯಲ್ಲಿ ಅಳುವವರ ಮುಂದೆ ಮೊಬೈಲು ಹಿಡಿಯುವುದು ಸಲ್ಲದು. ದಿನಕರ್ಮ ಮುಗಿದ ಮೇಲೆ ಆ ಹೆಂಗಸರನ್ನೇ ಕೂಡಿಸಿ ಕೇಳಿ, ಒಪ್ಪಿದರೆ ಬರೆದುಕೊಳ್ಳಿ. ತಾಯಿಯ ಹೆಸರಿನಲ್ಲಿ ದತ್ತಿ ಇಡುವವರು ಹಣದ ಜೊತೆಗೆ ಆ ತಾಯಿ ಬಾಳಿದ ಬಗೆಯನ್ನೂ ಬರೆದುಕೊಡಲಿ. ಉಪನ್ಯಾಸದ ಪ್ರತಿ ಪುಸ್ತಿಕೆಯ ಮೊದಲ ಪುಟದಲ್ಲಿ ಅದು ಅಚ್ಚಾಗಲಿ. ರಾಮದುರ್ಗದಲ್ಲೇ ಈ ರೂಢಿ ಶುರುವಾಗಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.